ಸಂಬಳಕ್ಕೆ ರಾಜ್ಯವಿಲ್ಲ, ಖರ್ಚಿಗೆ ಇದೆ: ಗಚ್ಚಿಬೌಲಿಯಲ್ಲಿ ಕೂತು ಹೇಳಿದ ತೆರಿಗೆ ಕಥೆ

ಈ ಸಲದ ಮಾತು ತೆರಿಗೆ ಬಗ್ಗೆ. ರಿಟರ್ನ್ ಹೇಗೆ ತುಂಬಬೇಕು, ಯಾವ ಸೆಕ್ಷನ್ನಿನಲ್ಲಿ ಎಷ್ಟು ಉಳಿಸಬಹುದು ಅನ್ನೋದನ್ನ ನಾನು ಹೇಳೋಲ್ಲ, ಅದಕ್ಕೆ ಬೇಕಾದಷ್ಟು ಚಾನೆಲ್‌ಗಳಿವೆ. ನಮ್ಮದು ಇತಿಹಾಸದ ಚಾನೆಲ್, ಆದ್ದರಿಂದ ತೆರಿಗೆಯ ಇತಿಹಾಸ.

ಇಲ್ಲಿ ಗಚ್ಚಿಬೌಲಿಯಲ್ಲಿ ನಾಲ್ಕು ಜನ ಕನ್ನಡದವರು ಊಟಕ್ಕೆ ಸೇರಿದರೆ ಒಂದು ಮಾತು ಬಂದೇ ಬರುತ್ತೆ: "ನಾವು ಕರ್ನಾಟಕದವರು, ದುಡಿಯೋದು ಇಲ್ಲಿ, ನಮ್ಮ ಟ್ಯಾಕ್ಸೆಲ್ಲ ತೆಲಂಗಾಣಕ್ಕೆ ಹೋಗ್ತಾ ಇದೆ." ಕೆಲವರು ಇದನ್ನ ಬೇಜಾರಿನಲ್ಲಿ ಹೇಳ್ತಾರೆ. ಕೆಲವರು ಹೆಮ್ಮೆಯಿಂದ ಹೇಳ್ತಾರೆ, ಯಾರಾದರೂ "ನೀವು ಹೊರಗಿನವರು" ಅಂದಾಗ ಎದುರುತ್ತರವಾಗಿ. ಎರಡು ಗುಂಪಿನವರೂ ಬೆರಳು ತೋರಿಸೋದು ಪೇಸ್ಲಿಪ್ಪಿನ ಕಡೆಗೆ, ದೊಡ್ಡ ಕಡಿತದ ಕಡೆಗೆ. ನನ್ನ ಪ್ರಕಾರ ಅವರು ನೋಡ್ತಾ ಇರೋ ಸಾಲೇ ತಪ್ಪು. ತೆಲಂಗಾಣಕ್ಕೆ ಹೋಗೋ ದುಡ್ಡು ಆ ದೊಡ್ಡ ಸಾಲಿನಲ್ಲಿಲ್ಲ, ಪೇಸ್ಲಿಪ್ಪು ಮುಗಿದ ಮೇಲೆ ಅಂಗಡಿಯಲ್ಲಿ ಇದೆ. ಯಾಕೆ ಹೀಗಾಯ್ತು ಅನ್ನೋದಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಸಂಬಳಕ್ಕೂ ರಾಜ್ಯ ಇತ್ತು. ಧಾರವಾಡದವರು, ಮಂಗಳೂರಿನವರು, ಬಳ್ಳಾರಿಯವರು ಬ್ರಿಟಿಷ್ ಇಂಡಿಯಾದಲ್ಲಿದ್ದರು. ಅವರಿಗೆ 1922ರ ಇಂಡಿಯನ್ ಇನ್ಕಂ ಟ್ಯಾಕ್ಸ್ ಕಾಯಿದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಕಾಯಿದೆ, 1923ರ ಮೈಸೂರು ಇನ್ಕಂ ಟ್ಯಾಕ್ಸ್ ಕಾಯಿದೆ. ನಮ್ಮ ಕಡೆಯ ಕಲಬುರಗಿ, ಬೀದರ್, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿನ ಆದಾಯ ತೆರಿಗೆ ಕಾಯಿದೆಯ ಹೆಸರಿನಲ್ಲೇ ಇರೋ ವರ್ಷ ಫಸಲಿ 1357. ಫಸಲಿಗೆ 590 ಕೂಡಿಸಿದರೆ ನಮ್ಮ ಕ್ಯಾಲೆಂಡರ್ ಬರುತ್ತೆ, ಅಂದ್ರೆ 1947-48. ದೇಶಕ್ಕೆ ಸ್ವಾತಂತ್ರ್ಯ ಬಂದಿದೆ, ಹೈದರಾಬಾದ್ ಇನ್ನೂ ಒಳಗೆ ಬಂದಿಲ್ಲ, ಆಗ ಬಂದ ಕಾಯಿದೆ ಅದು.

ಇದರ ಅರ್ಥ ಏನು ಗೊತ್ತಾ? ಬ್ರಿಟಿಷ್ ಇಂಡಿಯಾದ ಕಾಯಿದೆಯಲ್ಲಿ 'ನಿವಾಸಿ' ಅಂದ್ರೆ ಬ್ರಿಟಿಷ್ ಇಂಡಿಯಾದಲ್ಲಿ ವರ್ಷಕ್ಕೆ 182 ದಿನ ಇದ್ದವನು. ಈ 182 ಅನ್ನೋ ಅಂಕಿಯನ್ನ ಆನ್‌ಸೈಟ್‌ಗೆ ಹೋಗೋವಾಗ ನೀವೆಲ್ಲ ಕೇಳಿರ್ತೀರಿ, ಅದು ಅಷ್ಟು ಹಳೆಯದು. ಬೆಂಗಳೂರು ಪೇಟೆಯಲ್ಲೇ ವರ್ಷವಿಡೀ ಇದ್ದ ಮೈಸೂರಿಗನಾಗಲಿ, ಕಲಬುರಗಿಯವನಾಗಲಿ, ಆ ಲೆಕ್ಕದಲ್ಲಿ ಅನಿವಾಸಿ. ಮುಂಬೈಯಲ್ಲಿದ್ದ ವ್ಯಾಪಾರಿಗೆ ಮೈಸೂರಿನ ಅಂಗಡಿಯಿಂದ ಲಾಭ ಬಂದರೆ, ಅದನ್ನ ಸಂಸ್ಥಾನದೊಳಗೇ ಇಟ್ಟಷ್ಟು ದಿನ ಬ್ರಿಟಿಷ್ ಇಂಡಿಯಾದ ತೆರಿಗೆಯಿಂದ ವಿನಾಯಿತಿ, ಈಚೆ ತಂದರೆ ತೆರಿಗೆ. ಇವತ್ತು ದುಬೈಗೂ ಮಂಗಳೂರಿಗೂ ನಡುವೆ ಇರೋ ಥರದ ಲೆಕ್ಕ ಅವತ್ತು ಹುಬ್ಬಳ್ಳಿಗೂ ದಾವಣಗೆರೆಗೂ ನಡುವೆ ಇತ್ತು.

1950ರ ಏಪ್ರಿಲ್ 1ರಂದು ಅದು ಮುಗೀತು. ಸಂವಿಧಾನ ಬಂದು ಎರಡು ತಿಂಗಳಿಗೆ ಇಂಡಿಯನ್ ಇನ್ಕಂ ಟ್ಯಾಕ್ಸ್ ಕಾಯಿದೆ ಮೈಸೂರು, ಹೈದರಾಬಾದ್ ಎರಡಕ್ಕೂ ಹಬ್ಬಿತು. ಕೃಷಿ ಆದಾಯ ಒಂದನ್ನ ಬಿಟ್ಟು ಉಳಿದ ಆದಾಯದ ಮೇಲಿನ ತೆರಿಗೆ ಕೇಂದ್ರದ ಕೈಗೆ ಹೋಯ್ತು. ಕೃಷಿ ಆದಾಯ ಮಾತ್ರ ರಾಜ್ಯಗಳಿಗೇ ಉಳೀತು. ಮೈಸೂರು ರಾಜ್ಯ 1957ರಲ್ಲಿ ಅದಕ್ಕೆ ಕಾಯಿದೆ ಮಾಡಿತು. ಅದರ ಬಿಸಿ ಚೆನ್ನಾಗಿ ಗೊತ್ತಿದ್ದವರು ಕಾಫಿ ತೋಟದವರು.

ಹಾಗಾದರೆ ನನ್ನ ಸಂಬಳದ ತೆರಿಗೆ ದೆಹಲಿಗೆ ಹೋಗಿ, ಅಲ್ಲಿಂದ ತೆಲಂಗಾಣಕ್ಕೆ ಬರುತ್ತಾ? ಒಂದು ಕಾಲಕ್ಕೆ ಹೀಗೆ ಕೇಳೋದರಲ್ಲಿ ಸ್ವಲ್ಪ ಅರ್ಥ ಇತ್ತು. ಕೆ.ಸಿ. ನಿಯೋಗಿ ಅಧ್ಯಕ್ಷತೆಯ ಮೊದಲನೇ ಹಣಕಾಸು ಆಯೋಗ ಆದಾಯ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನ ಹಂಚಿದ್ದು ಜನಸಂಖ್ಯೆ ನೋಡಿ ನೂರಕ್ಕೆ 80, ಎಲ್ಲಿ ವಸೂಲಾಯಿತು ಅಂತ ನೋಡಿ ನೂರಕ್ಕೆ 20. ವಸೂಲಿ ಅಂದ ಕೂಡಲೇ ಜಗಳ. ಕಂಪನಿಯ ಹೆಡ್ ಆಫೀಸು ಮುಂಬೈ, ಕೋಲ್ಕತ್ತಗಳಲ್ಲಿ; ಗಿರಣಿ, ಗಣಿ, ಕೂಲಿಯವರು ಇನ್ನೆಲ್ಲೋ. ಲೆಕ್ಕದಲ್ಲಿ ದುಡ್ಡು ಹುಟ್ಟೋದು ಹೆಡ್ ಆಫೀಸಿನಲ್ಲಿ. ಮುಂದೆ ಆ ಪಾಲು ಹತ್ತಕ್ಕೆ ಇಳೀತು, ಕೊನೆಗೆ 1995ರಿಂದ ಜಾರಿಯಾದ ಹತ್ತನೇ ಆಯೋಗದ ಸೂತ್ರದಲ್ಲಿ ಅದು ಇರಲೇ ಇಲ್ಲ. 15ನೇ ಆಯೋಗದ ಸೂತ್ರ ನೋಡಿ: ತಲಾ ಆದಾಯದ ಅಂತರಕ್ಕೆ 45, ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯಾ ನಿಯಂತ್ರಣಕ್ಕೆ 12.5, ಕಾಡಿಗೆ 10, ತೆರಿಗೆ ಪ್ರಯತ್ನಕ್ಕೆ 2.5. ನಿಮ್ಮ ಪ್ಯಾನ್ ಕಾರ್ಡಿನ ವಿಳಾಸ ಗಚ್ಚಿಬೌಲಿಯೋ ಗದಗೋ ಅನ್ನೋದಕ್ಕೆ ಈ ಸೂತ್ರದಲ್ಲಿ ಜಾಗವೇ ಇಲ್ಲ. ಆ ಲೆಕ್ಕದಲ್ಲಿ ಕರ್ನಾಟಕದ ಪಾಲು 4.713ರಿಂದ 3.647ಕ್ಕೆ ಇಳೀತು, ತೆಲಂಗಾಣದ್ದು 2.437ರಿಂದ 2.102ಕ್ಕೆ. ಅಂದ್ರೆ ಊಟದ ಮೇಜಿನ ಎರಡೂ ಕಡೆಯವರು ಒಂದೇ ದೋಣಿಯಲ್ಲಿ ಇದ್ದಾರೆ, ಗೊತ್ತಿಲ್ಲದೆ ಜಗಳ ಆಡ್ತಾರೆ.

ಪೇಸ್ಲಿಪ್ಪಿನಲ್ಲಿ ತೆಲಂಗಾಣಕ್ಕೆ ನೇರ ಹೋಗೋ ಸಾಲು ಒಂದೇ ಒಂದು. ಪಿಟಿ ಅಂತ ಬರೆದಿರುತ್ತೆ, 200 ರೂಪಾಯಿ. ವೃತ್ತಿ ತೆರಿಗೆ. ಇಷ್ಟು ಚಿಕ್ಕ ತೆರಿಗೆಗೆ ಇಷ್ಟು ದೊಡ್ಡ ಕಥೆ ಇರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. 1939ರಲ್ಲಿ ಯುನೈಟೆಡ್ ಪ್ರಾವಿನ್ಸಸ್, ಅಂದ್ರೆ ಇವತ್ತಿನ ಉತ್ತರ ಪ್ರದೇಶದ ಕಾಂಗ್ರೆಸ್ ಸರ್ಕಾರ 'ಉದ್ಯೋಗ ತೆರಿಗೆ' ಅಂತ ತಂದಿತು. ಹೆಸರು ಉದ್ಯೋಗದ್ದು, ಒಳಗೆ ಸಂಬಳ ಏರಿದ ಹಾಗೆ ಏರೋ ದರ. ಇದು ಆದಾಯ ತೆರಿಗೆಯೇ, ವೇಷ ಮಾತ್ರ ಬೇರೆ ಅಂತ ಗದ್ದಲವಾಯ್ತು. ಲಂಡನ್ನಿನ ಪಾರ್ಲಿಮೆಂಟು 1940ರಲ್ಲಿ ಭಾರತ ಸರ್ಕಾರದ ಕಾಯಿದೆಗೆ 142ಎ ಅಂತ ಒಂದು ಸೆಕ್ಷನ್ ಸೇರಿಸಿ, ಇಂಥ ತೆರಿಗೆ ವರ್ಷಕ್ಕೆ 50 ರೂಪಾಯಿ ಮೀರಬಾರದು ಅಂತ ಬೇಲಿ ಹಾಕಿತು. ನಮ್ಮ ಸಂವಿಧಾನ ಆ ಬೇಲಿಯನ್ನ ಹಾಗೇ ಉಳಿಸಿಕೊಂಡಿತು, 276ನೇ ವಿಧಿಯಲ್ಲಿ: ಮಿತಿ 250 ರೂಪಾಯಿ. 1988ರ 60ನೇ ತಿದ್ದುಪಡಿ ಅದನ್ನ 2,500 ಮಾಡಿತು. ಅವತ್ತಿನಿಂದ ಅಷ್ಟೇ ಇದೆ. ಕರ್ನಾಟಕದ ಕಾಯಿದೆ 1976ರದ್ದು, ಇಲ್ಲಿಯದು ಆಂಧ್ರದ 1987ರ ಕಾಯಿದೆ, 2014ರಲ್ಲಿ ತೆಲಂಗಾಣಕ್ಕೆ ಬಳುವಳಿಯಾಗಿ ಬಂತು. ಇಲ್ಲಿ ತಿಂಗಳಿಗೆ 20,000 ದಾಟಿದರೆ 200. ಕರ್ನಾಟಕದಲ್ಲಿ 25,000ದಿಂದ 200, 2025ರಿಂದ ಫೆಬ್ರವರಿಯಲ್ಲಿ ಮಾತ್ರ 300, ಯಾಕಂದ್ರೆ ಹನ್ನೆರಡು ಇನ್ನೂರು 2,400, ಮಿತಿಗೆ ಇನ್ನೂ ನೂರು ಬಾಕಿ! ಆ ನೂರನ್ನೂ ಬಿಡಬಾರದು ಅನ್ನೋ ಲೆಕ್ಕಾಚಾರಕ್ಕೆ ನಾನಂತೂ ತಲೆಬಾಗಿದೆ.

ನಿಜವಾದ ರಾಜ್ಯದ ತೆರಿಗೆ ಇರೋದು ಸಾಮಾನಿನಲ್ಲಿ, ಮೊದಲಿನಿಂದಲೂ. ನಮ್ಮ ನಾಡಿನ ಶಾಸನಗಳನ್ನ ತೆಗೆದರೆ ಸುಂಕ, ಹೆಜ್ಜುಂಕ, ವಡ್ಡರಾವುಳ ಅನ್ನೋ ಮಾತುಗಳೇ. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಒಬ್ಬರ ಹೆಸರೇ ಸುಂಕದ ಬಂಕಣ್ಣ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನೋ ಗಾದೆಯನ್ನ ನಮ್ಮವರು ಸುಮ್ಮನೆ ಕಟ್ಟಲಿಲ್ಲ.

ನಮ್ಮ ಸೇಡಂ ಕಡೆಯ ಹಿರಿಯರ ಬಾಯಲ್ಲಿ ಇನ್ನೊಂದು ಮಾತಿತ್ತು, ಕರೋಡಗಿರಿ. ನಮ್ಮಜ್ಜ ಒಬ್ಬ ಕಲ್ಲಿನ ವ್ಯಾಪಾರಿ ಹತ್ತಿರ ಲೆಕ್ಕ ಬರೀತಿದ್ದರು. ಅವರು ಜಿಪುಣರನ್ನ ಬೈಯೋದು "ಕರೋಡಗಿರಿ ನಾಕಾದಂವ" ಅಂತ. ಅದು ನಿಜಾಮರ ಕಸ್ಟಮ್ಸ್ ಇಲಾಖೆ. ಈಸ್ಟ್ ಇಂಡಿಯಾ ಕಂಪನಿ ಜತೆ 1802ರಲ್ಲಿ ಆದ ವ್ಯಾಪಾರ ಒಪ್ಪಂದದ ಮೇಲೆ ನೂರಕ್ಕೆ ಐದು ಸುಂಕ. ಸೊಲ್ಲಾಪುರದಿಂದಲೋ ವಿಜಯಪುರದಿಂದಲೋ ಬಟ್ಟೆ ಗಂಟು ಕಲಬುರಗಿಗೆ ಬಂದರೆ ಅದು ಪರದೇಶದಿಂದ ಬಂದ ಲೆಕ್ಕ. ಕನ್ನಡದವನು ಕನ್ನಡದವನಿಗೆ ಮಾರಿದರೂ ನಡುವೆ ನಾಕಾ.

1948ರ ನಂತರ ವಿ.ಟಿ. ಕೃಷ್ಣಮಾಚಾರಿ ಸಮಿತಿ ಸಂಸ್ಥಾನಗಳ ಹಣಕಾಸನ್ನ ಪರಿಶೀಲಿಸಿ, ಈ ಒಳನಾಡಿನ ಸುಂಕಗಳನ್ನ ತೆಗೀಬೇಕು, ಆ ಖೋತಾ ತುಂಬೋದಕ್ಕೆ ಮಾರಾಟ ತೆರಿಗೆ ಹಾಕಿಕೊಳ್ಳಿ ಅಂತ ಹೇಳಿತು. ಮಾರಾಟ ತೆರಿಗೆ ಆಗ ಹೊಸ ಸರಕು. ಮದ್ರಾಸಿನಲ್ಲಿ ರಾಜಾಜಿ ಪಾನನಿಷೇಧ ತಂದರು, ಹೆಂಡದ ಆದಾಯ ಹೋಯ್ತು, 1939ರಲ್ಲಿ ಎಲ್ಲ ಸಾಮಾನಿನ ಮೇಲೆ ಮಾರಾಟ ತೆರಿಗೆ ಬಂತು. ಹಾಗಾಗಿ ಕನ್ನಡಿಗರಲ್ಲಿ ಈ ತೆರಿಗೆ ಮೊದಲು ಕಂಡವರು ಮಂಗಳೂರು, ಬಳ್ಳಾರಿಯವರು. ಮುಂಬೈ ಕಾಯಿದೆ 1946, ಮೈಸೂರಿನದು 1948, ಹೈದರಾಬಾದಿನದು 1950.

1956ರ ನವೆಂಬರ್ 1ರಂದು ಇವೆಲ್ಲ ಒಂದೇ ರಾಜ್ಯದೊಳಗೆ ಬಂದವು, ಕಾಯಿದೆಗಳು ಮಾತ್ರ ಹಾಗೇ ಉಳಿದವು. ಧಾರವಾಡಕ್ಕೆ ಮುಂಬೈಯದು, ಕಲಬುರಗಿಗೆ ಹೈದರಾಬಾದಿನದು, ಮಂಗಳೂರಿಗೆ ಮದ್ರಾಸಿನದು. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ನಮ್ಮೂರಿನ ರೈಲು ಹಳಿ. ವಾಡಿಯಿಂದ ಸಿಕಂದರಾಬಾದಿಗೆ ಹೋಗೋವಾಗ ಸೇಡಂ ಆದ ಮೇಲೆ ತಾಂಡೂರು. ನೆಲದ ಕಲ್ಲು ಒಂದೇ ಜಾತಿಯದು, ಆಚೆ ತಾಂಡೂರು ಕಲ್ಲು, ಈಚೆ ಶಹಾಬಾದ್ ಕಲ್ಲು ಅಂತ ಹೆಸರು. ಅಕ್ಟೋಬರ್ 31ರ ತನಕ ಸೇಡಂನಿಂದ ತಾಂಡೂರಿಗೆ ಕಲ್ಲು ಮಾರಿದರೆ ರಾಜ್ಯದೊಳಗಿನ ಮಾರಾಟ. ಮಾರನೇ ದಿನದಿಂದ ಅಂತಾರಾಜ್ಯ. ಆದರೆ ಗಡಿಯ ಎರಡೂ ಕಡೆ ಅದೇ ಹೈದರಾಬಾದ್ ಕಾಯಿದೆ! ಆಂಧ್ರ ಪ್ರದೇಶ 1957ರ ಜೂನ್‌ನಲ್ಲಿ, ಮೈಸೂರು ಅದೇ ಅಕ್ಟೋಬರ್‌ನಲ್ಲಿ ತಂತಮ್ಮ ಹೊಸ ಕಾಯಿದೆ ತರೋವರೆಗೆ ನಮ್ಮಜ್ಜನಂಥವರು ಹಳೇ ಪುಸ್ತಕದಲ್ಲೇ ಹೊಸ ಗಡಿ ಬರೀತಿದ್ದರು.

ಆದರೆ ಅಷ್ಟರಲ್ಲಿ ದೊಡ್ಡ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಎರಡು ಸಲ ಹೋಗಿ ಬಂದಿತ್ತು. ಒಂದು ರಾಜ್ಯದ ವ್ಯಾಪಾರಿ ಇನ್ನೊಂದು ರಾಜ್ಯದ ಗಿರಾಕಿಗೆ ಸಾಮಾನು ಕಳಿಸಿದರೆ ತೆರಿಗೆ ಯಾರದು? ಕಳಿಸಿದವರದೋ, ಬಳಸಿದವರದೋ? ಸಂವಿಧಾನದ 286ನೇ ವಿಧಿಗೆ ಒಂದು ವಿವರಣೆ ಇತ್ತು: ಬಳಕೆಗಾಗಿ ಸಾಮಾನು ಎಲ್ಲಿ ತಲುಪಿತೋ ಅಲ್ಲೇ ಮಾರಾಟವಾಯಿತು ಅಂತ ಭಾವಿಸಬೇಕು. 1953ರ ಯುನೈಟೆಡ್ ಮೋಟಾರ್ಸ್ ತೀರ್ಪು ಇದನ್ನ ಹಿಡಿದು, ತಲುಪಿದ ರಾಜ್ಯ ಹೊರಗಿನ ವ್ಯಾಪಾರಿಗೂ ತೆರಿಗೆ ಹಾಕಬಹುದು ಅಂತು. ತಗೊಳ್ಳಿ, ಎಲ್ಲ ರಾಜ್ಯಗಳಿಂದ ಎಲ್ಲ ರಾಜ್ಯದ ವ್ಯಾಪಾರಿಗಳಿಗೆ ನೋಟಿಸು. ಅಂಚೆಯಲ್ಲಿ ಸಾಮಾನು ಕಳಿಸೋ ಸಣ್ಣ ಅಂಗಡಿಯವನು ಹತ್ತು ರಾಜ್ಯಗಳಲ್ಲಿ ನೋಂದಣಿ ಮಾಡಿಸಬೇಕು, ಹತ್ತು ಥರ ಲೆಕ್ಕ ಇಡಬೇಕು, ಕರೆದಾಗ ಹೋಗಿ ಪುಸ್ತಕ ತೋರಿಸಬೇಕು.

ಬಂಗಾಳ್ ಇಮ್ಯುನಿಟಿ ಅಂತ ಒಂದು ಕಂಪನಿ, ಕೋಲ್ಕತ್ತದ ಪಕ್ಕ ಬರಾನಗರದಲ್ಲಿ ಲಸಿಕೆ, ಸೀರಂ ತಯಾರಿಸ್ತಿತ್ತು. ಬಿಹಾರದಲ್ಲಿ ಅದಕ್ಕೆ ಆಫೀಸಿಲ್ಲ, ಗೋದಾಮಿಲ್ಲ, ಏಜೆಂಟಿಲ್ಲ. ಆದರೂ ಬಿಹಾರದ ನೋಟಿಸು ಬಂತು. ಕಂಪನಿ ಕೋರ್ಟಿಗೆ ಹೋಯ್ತು. 1955ರ ಸೆಪ್ಟೆಂಬರ್ 6ರಂದು ಏಳು ನ್ಯಾಯಾಧೀಶರ ಪೀಠ, ನಾಲ್ಕಕ್ಕೆ ಮೂರರಲ್ಲಿ, ಎರಡೇ ವರ್ಷದ ಹಿಂದಿನ ತನ್ನ ತೀರ್ಪನ್ನೇ ತಿರುಗಿಸಿತು: ಪಾರ್ಲಿಮೆಂಟು ಕಾನೂನು ಮಾಡೋವರೆಗೆ ಅಂತಾರಾಜ್ಯ ಮಾರಾಟಕ್ಕೆ ಯಾವ ರಾಜ್ಯವೂ ತೆರಿಗೆ ಹಾಕೋ ಹಾಗಿಲ್ಲ. ಈಗ ರಾಜ್ಯಗಳು ಕಂಗಾಲು, ಅಷ್ಟರಲ್ಲಿ ವಸೂಲು ಮಾಡಿದ್ದನ್ನ ವಾಪಸ್ ಕೊಡಬೇಕಲ್ಲ! ಅದನ್ನ ಸಕ್ರಮ ಮಾಡೋದಕ್ಕೆ 1956ರ ಜನವರಿಯಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಸಂವಿಧಾನದ ಆರನೇ ತಿದ್ದುಪಡಿ, ಡಿಸೆಂಬರ್‌ನಲ್ಲಿ ಕೇಂದ್ರ ಮಾರಾಟ ತೆರಿಗೆ ಕಾಯಿದೆ. ಅದರ ಪ್ರಕಾರ ತೆರಿಗೆ ಕಳಿಸಿದ ರಾಜ್ಯಕ್ಕೆ, ದರ ಮಾತ್ರ ಕಡಿಮೆ, ಮೊದಲು ನೂರಕ್ಕೆ ಒಂದು, 1975ರ ಹೊತ್ತಿಗೆ ನಾಲ್ಕು. ವಸೂಲಿ ಶುರುವಾದದ್ದು 1957ರ ಜುಲೈ 1. ಕಾರ್ಖಾನೆ ಇರೋ ರಾಜ್ಯಗಳಿಗೆ ಇದು ಚಿನ್ನ, ಬರೀ ಕೊಳ್ಳೋ ರಾಜ್ಯಗಳಿಗೆ ಏನೂ ಇಲ್ಲ. 'ಸಿ ಫಾರಂ' ಅನ್ನೋ ಹೆಸರು ಕೇಳಿದರೆ ಹಳೇ ಅಕೌಂಟೆಂಟುಗಳು ಇವತ್ತಿಗೂ ಹಣೆ ಒತ್ತಿಕೊಳ್ತಾರೆ.

ನಮ್ಮ ಕಸುಬಿನವರಿಗೆ ಹತ್ತಿರದ ಒಂದು ಕೇಸನ್ನ ಇಲ್ಲೇ ಹೇಳಿಬಿಡ್ತೀನಿ. ಸಿಡಿಯಲ್ಲಿ ಬರೋ ರೆಡಿಮೇಡ್ ಸಾಫ್ಟ್‌ವೇರ್ ಸಾಮಾನೋ ಅಲ್ಲವೋ? ಆಂಧ್ರದ ಆ 1957ರ ಮಾರಾಟ ತೆರಿಗೆ ಕಾಯಿದೆಯಡಿ ಟಾಟಾ ಕನ್ಸಲ್ಟೆನ್ಸಿಗೆ ತೆರಿಗೆ ಹಾಕಿದಾಗ ಕಂಪನಿ, ಇದು ಬುದ್ಧಿಯ ಕೆಲಸ, ಮುಟ್ಟೋಕಾಗದ ವಸ್ತು ಅಂತ ವಾದ ಮಾಡಿತು. 2004ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಿಡಿಯೊಳಗೆ ಕೂತ ಮೇಲೆ ಅದೂ ಸಾಮಾನೇ. ಅಂದ್ರೆ ಕೋಡು ಸಾಮಾನಾದದ್ದು ನಾವಿರೋ ಈ ಹೈದರಾಬಾದಿನ ತೆರಿಗೆ ಕಾಯಿದೆಯ ಕೈಯಲ್ಲಿ.

ಕೇಂದ್ರ ಮಾರಾಟ ತೆರಿಗೆ ಶುರುವಾಗಿ ಸರಿಯಾಗಿ ಅರವತ್ತು ವರ್ಷಕ್ಕೆ, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ದಿನಾಂಕ ಒಂದೇ ಆದದ್ದು ಕಾಕತಾಳೀಯ ಇರಬಹುದು, ತತ್ವ ಮಾತ್ರ ತಲೆಕೆಳಗಾಯ್ತು. ತೆರಿಗೆ ಮತ್ತೆ ಬಳಸಿದವರ ರಾಜ್ಯಕ್ಕೆ, 1950ರ ಆ ವಿವರಣೆ ಹೇಳಿದ ಕಡೆಗೆ. ಅವತ್ತು ಆಗದೆ ಇದ್ದದ್ದು ಇವತ್ತು ಹೇಗಾಯ್ತು? ಹತ್ತು ರಾಜ್ಯಕ್ಕೆ ಹತ್ತು ಪುಸ್ತಕ ಇಡೋ ಬದಲು ಅಂತಾರಾಜ್ಯ ಮಾರಾಟದ ತೆರಿಗೆಯನ್ನ ಐಜಿಎಸ್‌ಟಿ ಅಂತ ಕೇಂದ್ರವೇ ವಸೂಲು ಮಾಡಿ, ರಾಜ್ಯದ ಪಾಲನ್ನ ತಲುಪಬೇಕಾದ ಕಡೆ ತಲುಪಿಸುತ್ತೆ. ಬಂಗಾಳ್ ಇಮ್ಯುನಿಟಿಯವರ ತಲೆನೋವನ್ನ ಕಂಪ್ಯೂಟರಿಗೆ ಕಟ್ಟಿದರು, ಅಷ್ಟೇ.

ಅಮೆರಿಕದಲ್ಲಿರೋ ನಮ್ಮವರಿಗೆ ಇದು ಪರಿಚಿತ ಅನ್ನಿಸುತ್ತೆ. ಅಲ್ಲಿ 1992ರ ಕ್ವಿಲ್ ತೀರ್ಪು, ರಾಜ್ಯದಲ್ಲಿ ಕಾಲೂರದ ವ್ಯಾಪಾರಿ ಆ ರಾಜ್ಯಕ್ಕೆ ಸೇಲ್ಸ್ ಟ್ಯಾಕ್ಸ್ ವಸೂಲು ಮಾಡಿಕೊಡಬೇಕಿಲ್ಲ ಅಂತಿತ್ತು. 2018ರ ವೇಫೇರ್ ತೀರ್ಪು ಐದಕ್ಕೆ ನಾಲ್ಕರಲ್ಲಿ ಅದನ್ನ ತಿರುಗಿಸಿತು. ನಾವು 1953ರಲ್ಲಿ ಹಿಡಿದು 1955ರಲ್ಲಿ ಬಿಟ್ಟದ್ದನ್ನ ಅವರು ಈಗ ಹಿಡಿದರು. ಸಂಬಳದ ವಿಷಯದಲ್ಲಿ ಮಾತ್ರ ಅವರದು ಬೇರೆ ದಾರಿ. ವಿಸ್ಕಾನ್ಸಿನ್ 1911ರಲ್ಲಿ ಶುರುಮಾಡಿದ ರಾಜ್ಯ ಆದಾಯ ತೆರಿಗೆ ಇವತ್ತಿಗೂ ಬಹುತೇಕ ರಾಜ್ಯಗಳಲ್ಲಿದೆ, ಟೆಕ್ಸಾಸಿನಂಥ ಕೆಲವು ಕಡೆ ಇಲ್ಲ. ನ್ಯೂಜೆರ್ಸಿಯಲ್ಲಿ ಮನೆ, ನ್ಯೂಯಾರ್ಕಿನಲ್ಲಿ ಕೆಲಸ ಅಂದ್ರೆ ಅಲ್ಲಿ ಅನಿವಾಸಿಯಾಗಿ ಒಂದು ರಿಟರ್ನು, ಇಲ್ಲಿ ನಿವಾಸಿಯಾಗಿ ಇನ್ನೊಂದು, ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಕ್ರೆಡಿಟ್ಟು. 1950ರ ಮುಂಚಿನ ಹುಬ್ಬಳ್ಳಿ-ದಾವಣಗೆರೆ ನೆನಪಾಗುತ್ತೆ ನನಗೆ.

ಈಗ ಊಟದ ಮೇಜಿನ ಮಾತಿಗೆ ಲೆಕ್ಕ ಹಾಕೋಣ. ಗಚ್ಚಿಬೌಲಿಯ ಅಂಗಡಿಯಲ್ಲಿ 5,000 ರೂಪಾಯಿಯ ಮಿಕ್ಸಿ ತಗೊಂಡರೆ ನೂರಕ್ಕೆ 18ರ ಹಾಗೆ 900 ಜಿಎಸ್‌ಟಿ, ಅದರಲ್ಲಿ 450 ತೆಲಂಗಾಣಕ್ಕೆ. ಅಂದ್ರೆ ಎರಡು ತಿಂಗಳ ಪಿಟಿಗಿಂತ ಜಾಸ್ತಿ, ಒಂದೇ ಮಿಕ್ಸಿಯಲ್ಲಿ. ಪೆಟ್ರೋಲು ಜಿಎಸ್‌ಟಿಯಿಂದ ಹೊರಗಿದೆ, ಅದಕ್ಕೆ ರಾಜ್ಯದ ವ್ಯಾಟ್. ಕರ್ನಾಟಕ 2024ರ ಜೂನ್‌ನಲ್ಲಿ ಏರಿಸಿದ ಮೇಲೂ ಅಲ್ಲಿ 29.84, ಇಲ್ಲಿ 35.2. ಜಹೀರಾಬಾದ್ ದಾಟಿ ಹುಮನಾಬಾದ್ ಕಡೆ ಹೋದ ಮೇಲೆ ಟ್ಯಾಂಕ್ ತುಂಬಿಸೋಣ ಅನ್ನೋ ಮಾತು ಕಾರಿರೋ ಎಲ್ಲ ಕನ್ನಡಿಗರಿಗೂ ಗೊತ್ತು. 2020ರಲ್ಲಿ ನಾವೆಲ್ಲ ಊರಿಗೆ ಹೋಗಿ ಲ್ಯಾಪ್‌ಟಾಪ್ ಹಿಡಿದು ಕೂತೆವಲ್ಲ, ಆಗ ನನ್ನ ಪೇಸ್ಲಿಪ್ಪಿನ 200 ಇಲ್ಲೇ ಕಡಿತವಾಗ್ತಿತ್ತು, ದಿನಸಿ, ಪೆಟ್ರೋಲು, ಔಷಧಿ ಎಲ್ಲ ಸೇಡಂನಲ್ಲಿ. ತೆಲಂಗಾಣ ಕಳಕೊಂಡದ್ದು ನಮ್ಮ ಸಂಬಳವನ್ನಲ್ಲ, ನಮ್ಮ ಸಂತೆಯನ್ನ. ಹಾಗಾಗಿ ಇಲ್ಲಿ ಯಾರಾದರೂ ನಿಮ್ಮನ್ನ ಹೊರಗಿನವರು ಅಂದರೆ ಫಾರಂ 16 ತೋರಿಸಬೇಡಿ, ತರಕಾರಿ ಬಿಟ್ಟು ಉಳಿದ ಎಲ್ಲ ಬಿಲ್ಲು ತೋರಿಸಿ.

ಇನ್ನು ಊರಲ್ಲಿರೋ ಅಮ್ಮನಿಗೆ ನೀವು ಇಲ್ಲಿಂದ ಆನ್‌ಲೈನಿನಲ್ಲಿ ಮಿಕ್ಸಿ ಕಳಿಸಿದರೆ? ಬಿಲ್ ವಿಳಾಸ ಗಚ್ಚಿಬೌಲಿ, ಡೆಲಿವರಿ ಸೇಡಂ. 2023ರ ಅಕ್ಟೋಬರ್‌ನಲ್ಲಿ ಕಾಯಿದೆಗೆ ಹೊಸ ಕಲಮು ಬಂತು: ನೋಂದಣಿ ಇಲ್ಲದ ಗಿರಾಕಿಯಾದರೆ ಇನ್‌ವಾಯ್ಸಿನಲ್ಲಿರೋ ವಿಳಾಸ ನೋಡಬೇಕು ಅಂತ. ಇರೋದು ಎರಡು ವಿಳಾಸ, ಯಾವುದು? 2024ರ ಜೂನ್ 26ರ ಸುತ್ತೋಲೆ ಉತ್ತರ ಕೊಟ್ಟಿತು: ಡೆಲಿವರಿ ವಿಳಾಸ. ದುಡ್ಡು ಕೊಟ್ಟವನು ತೆಲಂಗಾಣದಲ್ಲಿ ಕೂತಿದ್ದರೂ ಆ 450 ಕರ್ನಾಟಕಕ್ಕೆ. ಅಮ್ಮ ಚಟ್ನಿ ರುಬ್ಬೋ ಕಡೆ ತೆರಿಗೆ.

ಫೋನಿಗೆ ಮಾತ್ರ ಈ ನಿಯಮ ಇಲ್ಲ. ಪೋಸ್ಟ್‌ಪೇಯ್ಡ್ ಆದರೆ ಕಂಪನಿಯ ದಾಖಲೆಯಲ್ಲಿರೋ ಬಿಲ್ ವಿಳಾಸವೇ ಜಾಗ. ನನ್ನ ಸಿಮ್ ಇನ್ನೂ ಸೇಡಂ ವಿಳಾಸದ್ದು. 499ರ ಪ್ಲಾನಿಗೆ ಸುಮಾರು 90 ರೂಪಾಯಿ ಜಿಎಸ್‌ಟಿ, ಅದರಲ್ಲಿ 45 ಪ್ರತಿ ತಿಂಗಳೂ ಕರ್ನಾಟಕಕ್ಕೆ, ನಾನು ಮಾತಾಡೋದೆಲ್ಲ ಇಲ್ಲಿ ಕೂತೇ ಆದರೂ. ವಿಳಾಸ ಬದಲಾಯಿಸಿ ಅಂತ ಮೆಸೇಜ್ ಬರ್ತಾ ಇರುತ್ತೆ. ನೋಡೋಣ.

ಮುಂದಿನ ಕಂತಿನಲ್ಲಿ ಕೆಎ ನಂಬರ್ ಪ್ಲೇಟಿನ ಕಾರು ಮತ್ತು ರೋಡ್ ಟ್ಯಾಕ್ಸಿನ ಕಥೆ. ಅದು ಇದಕ್ಕಿಂತ ಖಾರ.